ಸಾವಿನ ಊಟದಿಂದ ಬಂದ ಕುರು

ಕುರು ಎಂದರೆ ಕನ್ನಡದಲ್ಲಿ ಮೈಮೇಲೆ ಏಳುವ ಕೀವುಗಟ್ಟಿದ ಬಾವು. ಮಹಾಭಾರತ ಬಲ್ಲವರಿಗೆ ಅದು ಒಂದು ವಂಶದ ಹೆಸರು. ಇವೆರಡಕ್ಕೂ ಸಂಬಂಧವಿಲ್ಲದ ಇನ್ನೊಂದು ಕುರು ಇದೆ. ಆಸ್ಟ್ರೇಲಿಯದ ಉತ್ತರಕ್ಕಿರುವ ಪಪುವಾ ನ್ಯೂಗಿನಿಯ ಪೂರ್ವದ ಬೆಟ್ಟಸೀಮೆಯಲ್ಲಿ ಫೋರೆ ಎಂಬ ಬುಡಕಟ್ಟಿನ ಜನ ವಾಸಿಸುತ್ತಾರೆ. ಅವರ ಮಾತಿನಲ್ಲಿ ಕುರು ಎಂದರೆ ನಡುಕ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅವರ ಹೆಂಗಸರನ್ನೂ ಮಕ್ಕಳನ್ನೂ ಸಾಲುಸಾಲಾಗಿ ಕೊಂದ ರೋಗಕ್ಕೂ ಅದೇ ಹೆಸರು.

ರೋಗ ಶುರುವಾಗುವುದು ನಡಿಗೆಯಲ್ಲಿ. ದಿನವೂ ಏರಿ ಇಳಿಯುವ ಗುಡ್ಡದ ದಾರಿಯಲ್ಲಿ ಹೆಂಗಸೊಬ್ಬಳ ಕಾಲು ತಡವರಿಸುತ್ತದೆ. ಕೆಲವು ವಾರಗಳಲ್ಲಿ ಕೈಕಾಲು, ತಲೆ ನಡುಗತೊಡಗುತ್ತವೆ, ಮಾತು ತೊದಲುತ್ತದೆ. ಮೊದಲು ಕೋಲು ಹಿಡಿದು ಓಡಾಡುತ್ತಾಳೆ, ಆಮೇಲೆ ಕುಳಿತಲ್ಲೇ ಉಳಿಯುತ್ತಾಳೆ, ಕೊನೆಗೆ ಕೂರಲೂ ಆಗುವುದಿಲ್ಲ. ನುಂಗುವ ಶಕ್ತಿಯೂ ಹೋಗಿ, ಬಹುತೇಕ ಒಂದು ವರ್ಷದೊಳಗೆ ಸಾವು ಬರುತ್ತದೆ. ಈ ಅವಧಿಯ ಬಹುಪಾಲು ಬುದ್ಧಿ ತಿಳಿಯಾಗಿಯೇ ಇರುತ್ತದೆ, ತನಗೆ ಬಂದಿರುವುದು ಏನು ಎಂದು ರೋಗಿಗೆ ಗೊತ್ತಿರುತ್ತದೆ. ಕೆಲವರಲ್ಲಿ ಕಾರಣವಿಲ್ಲದೆ ನಗು ಉಕ್ಕುವುದನ್ನು ಕಂಡ ಹೊರಗಿನ ಪತ್ರಿಕೆಗಳು ಇದಕ್ಕೆ ‘ನಗುವ ಸಾವು’ ಎಂದು ಹೆಸರಿಟ್ಟವು. ನರಗಳ ಹತೋಟಿ ತಪ್ಪಿದ ಆ ನಗುವಿನಲ್ಲಿ ಸಂತೋಷದ ಪಾಲೇನೂ ಇರಲಿಲ್ಲ.

1957ರಲ್ಲಿ ವಿನ್ಸೆಂಟ್ ಜಿಗಾಸ್ ಎಂಬ ಸರ್ಕಾರಿ ವೈದ್ಯ ಮತ್ತು ಅಮೆರಿಕದಿಂದ ಬಂದಿದ್ದ ಕಾರ್ಲ್‌ಟನ್ ಗೈಡುಸೆಕ್ ಎಂಬ ಮಕ್ಕಳ ತಜ್ಞ ಈ ಕಾಯಿಲೆಯನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಆಗ ವರ್ಷಕ್ಕೆ ಸುಮಾರು 200 ಜನ ಸಾಯುತ್ತಿದ್ದರು. 1957ರಿಂದ ಈಚೆಗೆ ದಾಖಲಾದ ಸಾವುಗಳೇ 2,700ಕ್ಕೂ ಹೆಚ್ಚು. ಸತ್ತ ವಯಸ್ಕರಲ್ಲಿ ಹೆಂಗಸರೇ ಅತಿ ಹೆಚ್ಚು. ಮಕ್ಕಳಲ್ಲಿ ಗಂಡು ಹೆಣ್ಣು ಎರಡೂ ಇದ್ದವು. ಕೆಲವು ಹಳ್ಳಿಗಳಲ್ಲಿ ಮದುವೆಯಾಗಲು ಹೆಣ್ಣೇ ಸಿಗದಂತಾಯಿತು. ತಾಯಿ ಸತ್ತ ಮಕ್ಕಳನ್ನು ಸಾಕುವ, ಹೆಂಗಸರು ಮಾಡುತ್ತಿದ್ದ ತೋಟದ ಕೆಲಸವನ್ನೂ ಮಾಡುವ ಹೊಣೆ ಗಂಡಸರ ಹೆಗಲಿಗೆ ಬಿತ್ತು. ಹೀಗೇ ನಡೆದರೆ ತಮ್ಮ ಜನವೇ ಉಳಿಯುವುದಿಲ್ಲವೆಂಬ ಭಯ ಅವರನ್ನು ಕಾಡುತ್ತಿತ್ತು.

ಮಾಟವೆಂದರು, ರಕ್ತದ ದೋಷವೆಂದರು

ಫೋರೆ ಜನರ ಪ್ರಕಾರ ಇದು ಮಾಟ. ಮಾಟಗಾರನು ತನಗಾಗದವಳ ಕೂದಲು, ಉಗುರು, ಉಂಡು ಬಿಟ್ಟ ಎಂಜಲು, ಮಲ ಇಂಥದ್ದೇನನ್ನಾದರೂ ಕದ್ದು, ಎಲೆಯಲ್ಲಿ ಸುತ್ತಿ, ಕೆಸರಲ್ಲಿ ಹೂಳುತ್ತಾನೆ. ಆ ಗಂಟು ಕೊಳೆಯುತ್ತಾ ಹೋದಂತೆ ಅವಳ ಮೈ ನಡುಗುತ್ತದೆ. ಆದ್ದರಿಂದ ಮೈಯಿಂದ ಬಿದ್ದದ್ದೆಲ್ಲವನ್ನೂ ಬಚ್ಚಿಡುವುದು ದಿನನಿತ್ಯದ ಎಚ್ಚರಿಕೆಯಾಯಿತು. ಮಲ ಮಾಟಗಾರನ ಕೈಗೆ ಸಿಗದಿರಲೆಂದು ಜನ ಆಳವಾದ ಗುಂಡಿಗಳನ್ನು ಬಳಸತೊಡಗಿದರು. ಹೆಂಗಸರು ಸತ್ತಾಗ ಮಾಟಗಾರನೆಂದು ಅನುಮಾನ ಬಿದ್ದವನನ್ನು ಹೊಡೆದು ಕೊಂದದ್ದೂ ಉಂಟು. 1960ರ ದಶಕದ ಆರಂಭದಲ್ಲಿ ಊರೂರುಗಳ ಜನ ದೊಡ್ಡ ಸಭೆ ಸೇರಿ, ಹೆಂಗಸರನ್ನು ಕೊಲ್ಲುವುದನ್ನು ನಿಲ್ಲಿಸಿರೆಂದು ಅಪರಿಚಿತ ಮಾಟಗಾರರನ್ನು ಬಹಿರಂಗವಾಗಿ ಬೇಡಿಕೊಂಡರು.

ವೈದ್ಯರು ಮಾಟವನ್ನು ನಂಬಲಿಲ್ಲ, ಆದರೆ ಅವರ ಮೊದಲ ಉತ್ತರವೂ ಸರಿಯಿರಲಿಲ್ಲ. ರೋಗಿಗಳಲ್ಲಿ ಜ್ವರವಿಲ್ಲ, ರಕ್ತದಲ್ಲಿ ಸೋಂಕಿನ ಗುರುತಿಲ್ಲ, ಮೆದುಳಿನಲ್ಲಿ ಉರಿಯೂತವಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಸ್ಪಂಜಿನಂತೆ ಸಣ್ಣ ಸಣ್ಣ ತೂತುಗಳಾದ ಮೆದುಳು. ರೋಗ ಮನೆಮನೆಯಲ್ಲಿ ವಂಶದ ಜಾಡು ಹಿಡಿದಂತೆ ಕಾಣುತ್ತಿತ್ತು. ಹಾಗಾಗಿ ಇದು ವಂಶವಾಹಿಯ ದೋಷವಿರಬಹುದೆಂಬ ವಾದ ಬಲವಾಯಿತು. ದೋಷವುಳ್ಳ ಜನ ಹೊರಗೆ ಹರಡದಿರಲೆಂದು ದಕ್ಷಿಣ ಫೋರೆಯವರು ದುಡಿಮೆಗಾಗಿ ಹೊರಪ್ರದೇಶಗಳಿಗೆ ಹೋಗುವುದಕ್ಕೆ ಆಗಿನ ಆಸ್ಟ್ರೇಲಿಯದ ಆಡಳಿತ ನಿರ್ಬಂಧ ಹಾಕಿತು. ಒಂದು ಜನಾಂಗದ ರಕ್ತವೇ ಕೆಟ್ಟದ್ದೆಂದು ತೀರ್ಮಾನಿಸಿ ಬೇಲಿ ಹಾಕಿದಂತಾಯಿತು. ಮಾಟದ ಆರೋಪ ಒಬ್ಬನನ್ನು ಕೊಲ್ಲಬಹುದಿತ್ತು, ಈ ಆರೋಪ ಇಡೀ ಜನರ ಮೇಲೆ ಬಿತ್ತು.

ಯಾರು ಉಂಡರು, ಯಾವಾಗಿನಿಂದ?

1961ರಿಂದ 1963ರವರೆಗೆ ರಾಬರ್ಟ್ ಗ್ಲಾಸ್ ಮತ್ತು ಶರ್ಲಿ ಲಿಂಡನ್‌ಬಾಮ್ ಎಂಬ ಇಬ್ಬರು ಮಾನವಶಾಸ್ತ್ರಜ್ಞರು ಫೋರೆ ಹಳ್ಳಿಗಳಲ್ಲಿ ನೆಲೆಸಿದರು. ಅವರ ಕೈಯಲ್ಲಿ ಸೂಕ್ಷ್ಮದರ್ಶಕವಿರಲಿಲ್ಲ. ಅವರು ಮನೆತನದ ವಂಶಾವಳಿಗಳನ್ನು ಬರೆದುಕೊಂಡರು, ನೆಂಟಸ್ತಿಕೆ ಕೇಳಿದರು, ಊರಿಗೆ ಮೊದಲ ಕುರು ಬಂದದ್ದು ಯಾವಾಗ ಎಂದು ಹಿರಿಯರನ್ನು ವಿಚಾರಿಸಿದರು. ಉತ್ತರ ಅಚ್ಚರಿಯದಾಗಿತ್ತು. ಕುರು ಹಳೆಯ ರೋಗವಲ್ಲ. 1920ರ ಆಸುಪಾಸಿನಲ್ಲಿ ಉತ್ತರದ ಕಡೆ ಕಾಣಿಸಿಕೊಂಡು, ಊರಿಂದೂರಿಗೆ ಸರಿಯುತ್ತಾ ದಕ್ಷಿಣಕ್ಕೆ ಇಳಿದಿತ್ತು. ಮೊದಲ ರೋಗಿಯ ಹೆಸರನ್ನೇ ಹೇಳಬಲ್ಲವರು ಹಲವು ಊರುಗಳಲ್ಲಿದ್ದರು. ಅನಾದಿಯಿಂದ ರಕ್ತದಲ್ಲಿದ್ದ ದೋಷ ಹೀಗೆ ನಡೆದುಕೊಂಡು ಬರುವುದಿಲ್ಲ.

ಅದಕ್ಕೂ ಸ್ವಲ್ಪ ಮೊದಲು ಇನ್ನೊಂದು ಪದ್ಧತಿ ಅದೇ ದಾರಿಯಲ್ಲಿ ಬಂದಿತ್ತು. ಸತ್ತ ಬಂಧುಗಳ ದೇಹವನ್ನು ತಿನ್ನುವ ಪದ್ಧತಿ ಅದು. ಫೋರೆಯವರು ಅದನ್ನು ಉತ್ತರದ ನೆರೆಯವರಿಂದ ಕಲಿತದ್ದೆಂದು ಹಿರಿಯರು ಹೇಳಿದರು.

ಇಲ್ಲಿ ಓದುಗರು ತುಸು ನಿಲ್ಲಬೇಕು. ನರಭಕ್ಷಣೆ ಎಂದೊಡನೆ ನಮ್ಮ ಕಣ್ಣಮುಂದೆ ಬಕಾಸುರ ಬರುತ್ತಾನೆ. ಫೋರೆಯವರು ತಿಂದದ್ದು ಶತ್ರುವನ್ನಲ್ಲ, ತಮ್ಮವರನ್ನು. ಮಣ್ಣಿನಲ್ಲಿಟ್ಟರೆ ಹುಳ ತಿನ್ನುತ್ತದೆ, ಹಾಗೇ ಬಿಟ್ಟರೆ ಕೊಳೆಯುತ್ತದೆ. ಅದಕ್ಕಿಂತ ಪ್ರೀತಿಸಿದವರ ಒಡಲಿಗೆ ಸೇರುವುದು ಮೇಲು ಎಂಬುದು ಅವರ ನಂಬಿಕೆ. ಸತ್ತವರ ಆತ್ಮ ಪೂರ್ವಿಕರ ನೆಲೆಗೆ ಸುಗಮವಾಗಿ ಸಾಗಲು ಈ ಕ್ರಿಯೆ ಬೇಕೆಂದೂ ಅವರು ತಿಳಿದಿದ್ದರು. ಹೆಣವನ್ನು ಸುಡುವವರು ಹೂಳುವವರನ್ನು ನೋಡಿ, ಹೂಳುವವರು ಹದ್ದುಗಳಿಗೆ ಬಿಡುವ ಪಾರ್ಸಿಗಳನ್ನು ನೋಡಿ ಬೆರಗಾಗುತ್ತಾರೆ. ಸತ್ತವರನ್ನು ಗೌರವದಿಂದ ಕಳಿಸಿಕೊಡಬೇಕೆಂಬ ಆಸೆ ಮಾತ್ರ ಎಲ್ಲರದೂ ಒಂದೇ.

ಆ ಕ್ರಿಯೆಗೆ ಕಟ್ಟುಪಾಡುಗಳಿದ್ದವು. ದೇಹವನ್ನು ಬಿದಿರಿನ ಚೂರಿ, ಕಲ್ಲಿನ ಕೊಡಲಿಗಳಿಂದ ಬಿಡಿಸುವುದು ತಾಯಿಯ ಕಡೆಯ ನೆಂಟರ ಕೆಲಸ. ಯಾವ ಭಾಗ ಯಾರಿಗೆ ಎಂಬುದು ಸಂಬಂಧದ ಮೇಲೆ ನಿರ್ಧಾರವಾಗುತ್ತಿತ್ತು. ಮೆದುಳನ್ನು ಹೆಂಗಸರು ಬರಿಗೈಯಲ್ಲಿ ಹಿಸುಕಿ, ಸೊಪ್ಪು ಬೆರೆಸಿ, ಬಿದಿರಿನ ಕೊಳವೆಗೆ ತುಂಬಿ ಬೇಯಿಸುತ್ತಿದ್ದರು. ಪಕ್ಕದಲ್ಲಿ ಕುಳಿತ ಮಕ್ಕಳಿಗೂ ತುತ್ತು ಕೊಡುತ್ತಿದ್ದರು. ಗಂಡಸರು ಇದರಿಂದ ದೂರ. ಮನುಷ್ಯರ ಮಾಂಸ ತಿಂದರೆ ಯುದ್ಧದಲ್ಲಿ ಕಸುವು ಕುಂದುತ್ತದೆಂಬ ಅಂಜಿಕೆ ಅವರಿಗೆ. ಹಂದಿಮಾಂಸದ ದೊಡ್ಡ ಪಾಲು ಹೇಗೂ ಅವರದೇ. ಹೆಂಗಸರ ಪಾಲಿಗೆ ಬರುತ್ತಿದ್ದುದು ಗೆಣಸು, ಸೊಪ್ಪು, ಕಪ್ಪೆ, ಹುಳುಹುಪ್ಪಟೆ. ಗಂಡುಮಕ್ಕಳು ಆರೆಂಟು ವರ್ಷದವರೆಗೆ ತಾಯಿಯೊಡನೆ ಹೆಂಗಸರ ಮನೆಯಲ್ಲಿದ್ದು, ಆಮೇಲೆ ಗಂಡಸರ ಮನೆಗೆ ಸೇರುತ್ತಿದ್ದರು.

ಈಗ ಸಾವಿನ ಲೆಕ್ಕವನ್ನು ಮತ್ತೆ ನೋಡಿ. ಹೆಂಗಸರು, ಗಂಡು ಹೆಣ್ಣೆನ್ನದೆ ಮಕ್ಕಳು, ಅಪರೂಪಕ್ಕೆ ಗಂಡಸರು. ರೋಗ ಹಿಡಿದಿದ್ದುದು ವಂಶದ ಜಾಡನ್ನಲ್ಲ, ಊಟದ ಪಂಕ್ತಿಯ ಜಾಡನ್ನು. ಭೇದಿಯಿಂದಲೋ ಕುಷ್ಠದಿಂದಲೋ ಸತ್ತವರನ್ನು ಫೋರೆಯವರು ತಿನ್ನುತ್ತಿರಲಿಲ್ಲ. ಕುರುವಿನಿಂದ ಸತ್ತವರನ್ನು ತಿನ್ನಲು ಅಡ್ಡಿಯಿರಲಿಲ್ಲ, ಏಕೆಂದರೆ ಅದು ಅವರ ಕಣ್ಣಿಗೆ ಕಾಯಿಲೆಯಲ್ಲ, ಮಾಟ.

ಕುರಿ ಕೊಟ್ಟ ಸುಳಿವು

ತಿಂದದ್ದರಿಂದ ಬಂತೆಂದು ಶಂಕಿಸಿದರೆ ಸಾಲದು, ತೋರಿಸಬೇಕು. ಅದರ ಸುಳಿವು ಬಂದದ್ದು ಕುರಿಗಳಿಂದ. ಯೂರೋಪಿನ ಕುರಿಗಳಿಗೆ ಸ್ಕ್ರೇಪಿ ಎಂಬ ರೋಗ ಬರುತ್ತದೆ. ತುರಿಕೆಯಿಂದ ಕುರಿ ಬೇಲಿಗೆ ಮೈ ಉಜ್ಜಿ ಉಣ್ಣೆ ಕಿತ್ತುಕೊಳ್ಳುತ್ತದೆ, ಕಾಲು ತಡವರಿಸುತ್ತದೆ, ಸಾಯುತ್ತದೆ. ಬ್ರಿಟನ್ನಿನಲ್ಲಿ 1732ರಿಂದಲೂ ಇದು ಗೊತ್ತು. ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಪಶುವೈದ್ಯ ವಿಲಿಯಂ ಹ್ಯಾಡ್ಲೊ, ಲಂಡನ್ನಿನ ಒಂದು ಪ್ರದರ್ಶನದಲ್ಲಿ ಕುರು ರೋಗಿಗಳ ಮೆದುಳಿನ ಚಿತ್ರಗಳನ್ನು ಕಂಡರು. ತಾವು ದಿನವೂ ನೋಡುತ್ತಿದ್ದ ಕುರಿಯ ಮೆದುಳಿನಲ್ಲೂ ಇಂಥವೇ ತೂತುಗಳು! ಕುರಿಯಿಂದ ಕುರಿಗೆ ಸ್ಕ್ರೇಪಿಯನ್ನು ಹತ್ತಿಸಬಹುದು, ಆದರೆ ರೋಗ ಕಾಣಲು ತಿಂಗಳುಗಟ್ಟಲೆ ಕಾಯಬೇಕು. ಕುರುವನ್ನೂ ವಾನರಗಳಲ್ಲಿ ಹಾಗೆಯೇ ಪರೀಕ್ಷಿಸಿ ನೋಡಿ ಎಂದು 1959ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ಪತ್ರ ಬರೆದರು.

ಗೈಡುಸೆಕ್ ಮತ್ತು ಸಂಗಡಿಗರು 1963ರಲ್ಲಿ ಕುರುವಿನಿಂದ ಸತ್ತವರ ಮೆದುಳಿನ ಅಂಶವನ್ನು ಚಿಂಪಾಂಜಿಗಳ ಮೆದುಳಿಗೆ ಚುಚ್ಚಿ ಕಾದರು. ಸುಮಾರು ಎರಡು ವರ್ಷಗಳ ಬಳಿಕ ಚಿಂಪಾಂಜಿಗಳು ತಡವರಿಸಿ ನಡುಗತೊಡಗಿದವು. 1966ರಲ್ಲಿ ಫಲಿತಾಂಶ ಪ್ರಕಟವಾಯಿತು. ಈ ಸಂಶೋಧನೆಗೆ ಗೈಡುಸೆಕ್‌ರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು.

ಹಾಗಾದರೆ ರೋಗ ಹರಡುವ ವಸ್ತು ಯಾವುದು? ಲಂಡನ್ನಿನಲ್ಲಿ ಟಿಕ್ವಾ ಆಲ್ಪರ್ ಎಂಬ ವಿಜ್ಞಾನಿ ಸ್ಕ್ರೇಪಿ ವಸ್ತುವಿನ ಮೇಲೆ ವಿಕಿರಣ ಹಾಯಿಸಿ ನೋಡಿದ್ದರು. ಯಾವ ವೈರಸ್ಸಿಗೂ ತಡೆಯಲಾಗದಷ್ಟು ಹಾಯಿಸಿದರೂ ಅದರ ಶಕ್ತಿ ಕುಂದಲಿಲ್ಲ. 1982ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಪ್ರೂಸಿನರ್ ಇದು ಜೀವಾಣುವೂ ಅಲ್ಲ, ವೈರಸ್ಸೂ ಅಲ್ಲ, ಬರಿಯ ಪ್ರೋಟೀನು ಎಂದರು. ಅದನ್ನು ‘ಪ್ರಿಯಾನ್’ ಎಂದು ಕರೆದರು. ಬಹುಕಾಲ ಗೇಲಿಗೊಳಗಾದ ಈ ಮಾತಿಗೆ 1997ರಲ್ಲಿ ನೊಬೆಲ್ ಬಂತು.

ವಿಷಯ ಇಷ್ಟು: ನಮ್ಮೆಲ್ಲರ ಮೆದುಳಿನಲ್ಲೂ ಪ್ರಿಯಾನ್ ಪ್ರೋಟೀನು ಸಹಜವಾಗಿಯೇ ಇದೆ. ಉದ್ದನೆಯ ದಾರವನ್ನು ಒಂದು ಕ್ರಮದಲ್ಲಿ ಮಡಿಸಿಟ್ಟಂತೆ ಅದಕ್ಕೊಂದು ಆಕಾರವಿದೆ. ಮಡಿಕೆ ತಪ್ಪಿದ ಪ್ರೋಟೀನು ಒಳಗೆ ಬಂದರೆ, ತಾನು ಮುಟ್ಟಿದ ಸರಿಯಾದ ಪ್ರೋಟೀನನ್ನೂ ತನ್ನಂತೆಯೇ ಮಡಿಸುತ್ತದೆ. ಅದು ಇನ್ನೊಂದನ್ನು, ಇನ್ನೊಂದು ಮತ್ತೊಂದನ್ನು. ಹೆಪ್ಪು ಹಾಕಿದ ಹಾಲಿನಂತೆ ಈ ಬದಲಾವಣೆ ಮೆಲ್ಲನೆ ಮೆದುಳನ್ನೆಲ್ಲ ವ್ಯಾಪಿಸುತ್ತದೆ. ನಮ್ಮದೇ ಪ್ರೋಟೀನಾದ್ದರಿಂದ ದೇಹ ಅದನ್ನು ಶತ್ರುವೆಂದು ಗುರುತಿಸುವುದಿಲ್ಲ. ಜ್ವರ ಬರದಿದ್ದುದು ಅದಕ್ಕೇ. ಅಡುಗೆಯ ಬೆಂಕಿಗೆ ಅದು ಜಗ್ಗುವುದಿಲ್ಲ. ಬಿದಿರಿನ ಕೊಳವೆಯಲ್ಲಿ ಎಷ್ಟು ಬೇಯಿಸಿದ್ದರೂ ಫೋರೆ ಹೆಂಗಸರಿಗೆ ರಕ್ಷಣೆ ಸಿಗುತ್ತಿರಲಿಲ್ಲ.

ಇಂಥ ಮಡಿಕೆ ತಪ್ಪು ಹೊರಗಿನಿಂದ ಏನೂ ಬಾರದೆ ಅಪರೂಪಕ್ಕೆ ತಾನಾಗಿಯೂ ಆಗುತ್ತದೆ. ಆಗ ಬರುವ ಕಾಯಿಲೆ ಕ್ರಾಯ್ಟ್ಸ್‌ಫೆಲ್ಟ್-ಯಾಕೊಬ್ ರೋಗ, ಚಿಕ್ಕದಾಗಿ ಸಿಜೆಡಿ. ಪ್ರಪಂಚದಲ್ಲೆಲ್ಲ ವರ್ಷಕ್ಕೆ ಹತ್ತು ಲಕ್ಷದಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ವಯಸ್ಸಾದವರಿಗೆ, ಅದು ಬರುತ್ತದೆ. ಶತಮಾನದ ಆರಂಭದಲ್ಲಿ ಫೋರೆ ಸೀಮೆಯ ಆಸುಪಾಸಿನಲ್ಲಿ ಹೀಗೆ ಸತ್ತ ಒಬ್ಬರ ದೇಹ ಬಂಧುಗಳ ಊಟವಾದದ್ದೇ ಕುರುವಿನ ಮೂಲವಿರಬೇಕೆಂದು ವಿಜ್ಞಾನಿಗಳು ಊಹಿಸುತ್ತಾರೆ. ಬೇರೆಡೆಯಾದರೆ ಆ ರೋಗ ಚಿತೆಯಲ್ಲೋ ಗೋರಿಯಲ್ಲೋ ಮುಗಿಯುತ್ತಿತ್ತು.

ಐವತ್ತು ವರ್ಷದ ಸಾಲ

ಆಸ್ಟ್ರೇಲಿಯದ ಆಡಳಿತ ಮತ್ತು ಪಾದ್ರಿಗಳ ಒತ್ತಾಯದಿಂದ 1960ರ ಹೊತ್ತಿಗೆ ಈ ಪದ್ಧತಿ ನಿಂತುಹೋಯಿತು. ರೋಗದ ಕಾರಣ ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಹುಟ್ಟಿದ ಒಂದು ಮಗುವಿಗೂ ಕುರು ಬರಲಿಲ್ಲ. ಕುರು ಹಿಡಿದ ತಾಯಂದಿರ ಹೊಟ್ಟೆಯಲ್ಲಿ ಬೆಳೆದ, ಅವರ ಹಾಲು ಕುಡಿದ ಮಕ್ಕಳಿಗೂ ಬರಲಿಲ್ಲ. ರೋಗಿಗಳ ಜೊತೆ ಬಾಳಿದವರಿಗೆ, ಅವರನ್ನು ಎತ್ತಿ ಕೂರಿಸಿ ಉಣಿಸಿದವರಿಗೆ ಅಷ್ಟರಿಂದಲೇ ಅಂಟಿಕೊಳ್ಳಲಿಲ್ಲ. ಮುಟ್ಟಿದರೆ, ಉಸಿರಾಡಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಬರುವ ರೋಗ ಇದಲ್ಲ.

ಆದರೆ ಆಗಲೇ ಒಳಗೆ ಸೇರಿದ್ದ ವಿಷ ಕಾದು ಕುಳಿತಿತ್ತು. ಮಕ್ಕಳು ಮೊದಲು ತೀರಿಕೊಂಡರು. ವರ್ಷಗಳು ಉರುಳಿದಂತೆ ರೋಗಿಗಳ ವಯಸ್ಸೂ ಏರಿತು. 1996ರಿಂದ 2004ರ ನಡುವೆ ಬ್ರಿಟನ್ನಿನ ಜಾನ್ ಕಾಲಿಂಜ್, ಆಸ್ಟ್ರೇಲಿಯದ ಮೈಕೆಲ್ ಆಲ್ಪರ್ಸ್ ಅವರ ತಂಡ ಸ್ಥಳೀಯ ಕಾರ್ಯಕರ್ತರ ನೆರವಿನಿಂದ 11 ರೋಗಿಗಳನ್ನು ಗುರುತಿಸಿತು. ಎಲ್ಲರೂ ಪದ್ಧತಿ ನಿಲ್ಲುವ ಮೊದಲು ಹುಟ್ಟಿದವರು. ಬಾಲ್ಯದಲ್ಲಿ ತಾಯಿ ಕೊಟ್ಟ ತುತ್ತು ಕನಿಷ್ಠ 34 ವರ್ಷ, ಕೆಲವರಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಕಾದು ಕೊಂದಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಕೊನೆಯ ರೋಗಿಗಳು ತೀರಿಕೊಂಡರು.

ಹಾಗೆಯೇ ಬದುಕಿ ಉಳಿದವರೂ ಇದ್ದರು. ಅನೇಕ ಸಾವಿನ ಊಟಗಳಲ್ಲಿ ಕುಳಿತಿದ್ದ 30 ಮುದುಕಿಯರ ರಕ್ತ ಪರೀಕ್ಷಿಸಿದಾಗ, 23 ಮಂದಿಯಲ್ಲಿ ತಾಯಿಯಿಂದ ಬಂದ ಪ್ರಿಯಾನ್ ವಂಶವಾಹಿ ಒಂದು ಬಗೆಯದು, ತಂದೆಯಿಂದ ಬಂದದ್ದು ಇನ್ನೊಂದು ಬಗೆಯದು ಎಂದು ತಿಳಿಯಿತು. ಎರಡೂ ಒಂದೇ ಬಗೆಯವಾಗಿದ್ದವರು ಬಹುಪಾಲು ಸತ್ತುಹೋಗಿದ್ದರು. 2009ರಲ್ಲಿ ಆ ಸೀಮೆಯ ಜನರಲ್ಲಿ ಕುರುವನ್ನು ತಡೆಯುವ ಹೊಸದೊಂದು ಬದಲಾವಣೆಯೂ ಸಿಕ್ಕಿತು. ಯಾವ ಜನರ ರಕ್ತ ಕೆಟ್ಟದ್ದೆಂದು ಬೇಲಿ ಹಾಕಿದ್ದರೋ, ಅವರ ರಕ್ತದಲ್ಲೇ ರೋಗಕ್ಕೆ ತಡೆ ಹುಟ್ಟಿಕೊಂಡಿತ್ತು.

ದನ ದನವನ್ನು ತಿಂದಾಗ

ಫೋರೆಯವರು ಪದ್ಧತಿ ಬಿಟ್ಟಮೇಲೂ ಸಿರಿವಂತ ನಾಡುಗಳಲ್ಲಿ ಅದೇ ದಾರಿ ಬೇರೆ ರೂಪದಲ್ಲಿ ತೆರೆದಿತ್ತು. ಕುಳ್ಳ ಮಕ್ಕಳನ್ನು ಬೆಳೆಸಲು ಹೆಣಗಳ ಪಿಟ್ಯುಟರಿ ಗ್ರಂಥಿಯಿಂದ ತೆಗೆದ ಹಾರ್ಮೋನನ್ನು ಚುಚ್ಚುತ್ತಿದ್ದರು. ಅದರಿಂದ ಸಿಜೆಡಿ ಬರುವುದು ತಿಳಿದು 1985ರಲ್ಲಿ ಅಮೆರಿಕ, ಬ್ರಿಟನ್‌ಗಳಲ್ಲಿ ನಿಲ್ಲಿಸಲಾಯಿತು. ಜಗತ್ತಿನಾದ್ಯಂತ 200ಕ್ಕೂ ಹೆಚ್ಚು ಜನ ಇದಕ್ಕೆ ಬಲಿಯಾದರು.

ಇದಕ್ಕಿಂತ ದೊಡ್ಡದು ಬ್ರಿಟನ್ನಿನ ದನಗಳ ಕಥೆ. ಕಸಾಯಿಖಾನೆಯಲ್ಲಿ ಉಳಿದ ಮೂಳೆ, ಮೆದುಳು, ಕರುಳುಗಳನ್ನು ಕುದಿಸಿ ಪುಡಿ ಮಾಡಿ ಹಸು ಕರುಗಳ ಮೇವಿಗೆ ಬೆರೆಸುತ್ತಿದ್ದರು. ಹುಲ್ಲು ತಿನ್ನುವ ಹಸುವಿಗೆ ಹಸುವನ್ನೇ ತಿನ್ನಿಸಿದರು, ಹಾಲು ಹೆಚ್ಚಲೆಂದು. 1986ರಲ್ಲಿ ಹಸುಗಳು ತಡವರಿಸಿ ಬೀಳತೊಡಗಿದವು. ಅದೇ ಹುಚ್ಚು ಹಸು ರೋಗ. ಒಂದು ಹಸುವಿಗೆ ರೋಗ ಹತ್ತಲು ಒಂದು ಗ್ರಾಮಿಗಿಂತ ಕಡಿಮೆ ಮೆದುಳು ಸಾಕಾಗಿತ್ತು. 1988ರಲ್ಲಿ ಈ ಮೇವನ್ನು ನಿಷೇಧಿಸಿದರು. ಆದರೆ ಮನುಷ್ಯರಿಗೆ ಅಪಾಯವಿಲ್ಲವೆಂದು ಸರ್ಕಾರ ಹೇಳುತ್ತಲೇ ಬಂತು. 1990ರಲ್ಲಿ ಕೃಷಿ ಸಚಿವ ಜಾನ್ ಗಮ್ಮರ್ ತಮ್ಮ ಪುಟ್ಟ ಮಗಳಿಗೆ ಕ್ಯಾಮೆರಾಗಳ ಮುಂದೆ ದನದ ಮಾಂಸದ ಬರ್ಗರ್ ಕೊಟ್ಟು ಭರವಸೆ ತುಂಬಲು ನೋಡಿದರು. 1996ರ ಮಾರ್ಚ್ 20ರಂದು ಅದೇ ಸರ್ಕಾರ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಹರೆಯದವರಲ್ಲಿ ಕಂಡ ಹೊಸ ಬಗೆಯ ಸಿಜೆಡಿಗೆ ದನದ ರೋಗವೇ ಕಾರಣವಿರಬಹುದೆಂದು ಒಪ್ಪಬೇಕಾಯಿತು. ಬ್ರಿಟನ್ನಿನಲ್ಲಿ ಆ ರೋಗದಿಂದ 178 ಜನ ಸತ್ತರು. ರೋಗ ಖಚಿತವಾದ ದನಗಳು 1,80,000ಕ್ಕೂ ಹೆಚ್ಚು; ಮುನ್ನೆಚ್ಚರಿಕೆಗೆಂದು ಕೊಂದವು 40 ಲಕ್ಷಕ್ಕೂ ಮೀರಿದವು.

ಇನ್ನೆಷ್ಟು ವರ್ಷ ಕಾಯಬೇಕು ಎಂಬ ಪ್ರಶ್ನೆ ಬಂದಾಗ ಬ್ರಿಟನ್ನಿನ ವಿಜ್ಞಾನಿಗಳು ಉತ್ತರ ಹುಡುಕಿದ್ದು ಫೋರೆ ಹಳ್ಳಿಗಳಲ್ಲಿ. ಮನುಷ್ಯರು ಮನುಷ್ಯರ ಪ್ರಿಯಾನ್ ತಿಂದು ಎಷ್ಟು ಕಾಲಕ್ಕೆ ರೋಗ ಬಿತ್ತೆಂಬ ಲೆಕ್ಕ ಬೇರೆಲ್ಲೂ ಇರಲಿಲ್ಲ. 1980ರಿಂದ 1996ರ ನಡುವೆ ಕೆಲವು ತಿಂಗಳು ಬ್ರಿಟನ್ನಿನಲ್ಲಿ ಇದ್ದವರು ರಕ್ತ ಕೊಡಬಾರದೆಂದು ಅಮೆರಿಕ, ಆಸ್ಟ್ರೇಲಿಯ ಮುಂತಾದ ದೇಶಗಳು ನಿಯಮ ಮಾಡಿದ್ದವು. ಆ ವರ್ಷಗಳಲ್ಲಿ ಅಲ್ಲಿ ಓದಲು, ದುಡಿಯಲು ಹೋಗಿ ಆಮೇಲೆ ಆ ದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೂ ಇದು ಅನ್ವಯಿಸುತ್ತಿತ್ತು. ಆ ಎರಡು ದೇಶಗಳು ಅದನ್ನು ತೆಗೆದದ್ದು 2022ರಲ್ಲಿ.

ನಮ್ಮ ಊಟದ ತಟ್ಟೆಯ ಬಗ್ಗೆ ಗಾಬರಿ ಬೇಡ. ಬೆಂಗಳೂರಿನ ನಿಮ್ಹಾನ್ಸ್ ದಶಕಗಳಿಂದ ದೇಶದ ಸಿಜೆಡಿ ರೋಗಿಗಳ ದಾಖಲೆ ಇಟ್ಟುಕೊಂಡು ಬಂದಿದೆ. ಸಿಜೆಡಿಯಲ್ಲಿ ಹೆಚ್ಚಿನದು ತಾನಾಗಿ ಬರುವಂಥದು, ಊಟಕ್ಕೂ ಅದಕ್ಕೂ ನಂಟಿಲ್ಲ. ಸ್ಕ್ರೇಪಿ ಇರುವ ನಾಡುಗಳಲ್ಲಿ ಜನ ಶತಮಾನಗಳಿಂದ ಕುರಿಮಾಂಸ ತಿನ್ನುತ್ತಿದ್ದರೂ ಅದರಿಂದ ಮನುಷ್ಯರಿಗೆ ರೋಗ ಬಂದದ್ದು ತೋರಿಬಂದಿಲ್ಲ. ಎಚ್ಚರ ಬೇಕಾದದ್ದು ಕೊಟ್ಟಿಗೆಯಲ್ಲಿ: ಮೆಲುಕು ಹಾಕುವ ಪ್ರಾಣಿಗೆ ಇನ್ನೊಂದರ ಮೂಳೆ ಮಾಂಸದ ಹಿಟ್ಟು ಹಾಕಬಾರದು ಎಂಬ ನಿಯಮವನ್ನು ಸಡಿಲಿಸದಿರುವುದು.

ಫೋರೆಯವರು ಉಂಡದ್ದು ದುಃಖದಲ್ಲಿ, ಸತ್ತವರ ಹೆಸರು ಹೇಳಿಕೊಂಡು. ದನದ ಮೇವಿಗೆ ಮೂಳೆ ಬೆರೆಸಿದವರ ಎದುರು ಇದ್ದದ್ದು ಖರ್ಚುವೆಚ್ಚದ ಪಟ್ಟಿ. ಪ್ರಿಯಾನ್ ಇವೆರಡರ ನಡುವೆ ವ್ಯತ್ಯಾಸ ಮಾಡಲಿಲ್ಲ. ಆದರೆ ಚರಿತ್ರೆ ಬರೆಯುವವರು ಮಾಡಬೇಕಾಗುತ್ತದೆ. ಅನಾಗರಿಕರೆಂದು ಹೆಸರು ಪಡೆದವರು ಒಂದೇ ದಶಕದಲ್ಲಿ ತಮ್ಮ ಹಿರಿಯ ಸಂಸ್ಕಾರವೊಂದನ್ನು ಕೈಬಿಟ್ಟರು. ತಮ್ಮವರ ಸಾವಿನ ವಿವರಗಳನ್ನು, ತಮ್ಮ ರಕ್ತವನ್ನು ಅಪರಿಚಿತರಿಗೆ ಕೊಟ್ಟರು. ಹುಚ್ಚು ಹಸು ರೋಗ ಬಂದಾಗ ಜಗತ್ತಿಗೆ ಈ ಬಗ್ಗೆ ಏನಾದರೂ ತಿಳಿದಿತ್ತೆಂದರೆ ಅದರಲ್ಲಿ ದೊಡ್ಡ ಪಾಲು ಆ ಬೆಟ್ಟದ ಹೆಂಗಸರ ಸಾವಿನಿಂದ ಬಂದದ್ದು.